ಓದುಗರ ತೆರಿಗೆ ಪ್ರಶ್ನೆಗಳು: ಗಡುವು ಮೀರಿದ ಮೇಲೆ ರಿಟರ್ನ್ಸ್ ಸಲ್ಲಿಸುವವರಿಗೆ

2024–25ನೇ ಹಣಕಾಸು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು, ಲೆಕ್ಕಪರಿಶೋಧನೆಗೆ ಒಳಪಡದ ವ್ಯಕ್ತಿಗಳಿಗೆ ಜುಲೈ 31 ಎಂದಿದ್ದ ಗಡುವು ಮೊದಲು ಸೆಪ್ಟೆಂಬರ್ 15ಕ್ಕೆ ಮುಂದೆ ಹೋಯಿತು. ಮತ್ತೆ ಒಂದು ದಿನ ಸೇರಿ, ಸೆಪ್ಟೆಂಬರ್ 16, 2025ಕ್ಕೆ ಮುಗಿಯಿತು. ಅಂದಿನಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಹೆಚ್ಚಿನವು ಗಡುವು ತಪ್ಪಿಸಿಕೊಂಡವರದು. ಆದ್ದರಿಂದ 2025ರ ಈ ನವೆಂಬರ್ ಸಂಚಿಕೆಯನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಗಡುವು ಮೀರಿದ ರಿಟರ್ನ್ಸ್ ಸಲ್ಲಿಸಲು ಡಿಸೆಂಬರ್ 31, 2025ರವರೆಗೆ ಅವಕಾಶವಿದೆ ಎಂಬುದು ಬಹಳ ಮಂದಿಗೆ ಗೊತ್ತು. ಆದರೆ ತಡವಾದದ್ದಕ್ಕೆ 5,000 ರೂಪಾಯಿ ಕಟ್ಟಿದರೆ ಉಳಿದದ್ದೆಲ್ಲ ಮೊದಲಿನಂತೆಯೇ ಇರುತ್ತದೆ ಎಂದು ಅವರಲ್ಲಿ ಅನೇಕರು ನಂಬಿದ್ದಾರೆ. ಅದು ಹಾಗಿಲ್ಲ ಎಂಬುದನ್ನು ಮೊದಲ ಪತ್ರವೇ ತೋರಿಸುತ್ತದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಕಳೆದ ಹಣಕಾಸು ವರ್ಷದಲ್ಲಿ ನನ್ನ ಒಟ್ಟು ವೇತನ 9,62,400 ರೂಪಾಯಿ. ಹಳೆಯ ತೆರಿಗೆ ಪದ್ಧತಿಯನ್ನೇ ಆರಿಸಿಕೊಳ್ಳುವುದಾಗಿ ಕಚೇರಿಗೆ ಬರೆದುಕೊಟ್ಟಿದ್ದೆ. ಜಿಪಿಎಫ್, ಕೆಜಿಐಡಿ, ಎಲ್‌ಐಸಿ ಸೇರಿ 1,50,000 ರೂಪಾಯಿ ಹಾಗೂ ನಾವು ವಾಸವಿರುವ ಮನೆಯ ಸಾಲದ ಬಡ್ಡಿ 2,00,000 ರೂಪಾಯಿ ಕಳೆದು, 25,480 ರೂಪಾಯಿ ತೆರಿಗೆಯನ್ನು ವೇತನದಲ್ಲೇ ಮುರಿದುಕೊಂಡಿದ್ದಾರೆ. ಮಗಳ ಶಸ್ತ್ರಚಿಕಿತ್ಸೆಯ ಓಡಾಟದಲ್ಲಿ ಸೆಪ್ಟೆಂಬರ್‌ನ ಗಡುವು ತಪ್ಪಿತು. ಈಗ ಸಲ್ಲಿಸಲು ಹೋದರೆ ಪೋರ್ಟಲ್ ಇನ್ನೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕಟ್ಟಬೇಕೆಂದು ತೋರಿಸುತ್ತಿದೆ. ಇದು ಸಾಫ್ಟ್‌ವೇರ್ ದೋಷವೇ? — ದಾವಣಗೆರೆಯ ಓದುಗರು

ಉತ್ತರ: ದೋಷವಲ್ಲ, ಪೋರ್ಟಲ್ ತೋರಿಸುತ್ತಿರುವ ಲೆಕ್ಕ ಸರಿಯಾಗಿಯೇ ಇದೆ. 2023–24ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಪದ್ಧತಿಯಾಗಿದೆ. ಹಳೆಯ ಪದ್ಧತಿ ಬೇಕೆನ್ನುವವರು ಅದನ್ನು ಕೇಳಿ ಪಡೆಯಬೇಕು. ಹಾಗೆ ಕೇಳುವ ಹಕ್ಕನ್ನು ಸೆಕ್ಷನ್ 115ಬಿಎಸಿ ಕೊಡುವುದು ಗಡುವಿನೊಳಗೆ, ಎಂದರೆ ಸೆಕ್ಷನ್ 139(1)ರ ಅಡಿಯಲ್ಲಿ ಸಲ್ಲಿಸುವ ರಿಟರ್ನ್ಸ್‌ನಲ್ಲಿ ಮಾತ್ರ. ನೀವು ಕಚೇರಿಗೆ ಬರೆದುಕೊಟ್ಟ ಪತ್ರ ವೇತನದಲ್ಲಿ ಎಷ್ಟು ತೆರಿಗೆ ಮುರಿಯಬೇಕೆಂಬುದಕ್ಕಷ್ಟೇ ಆಧಾರವಾಗುತ್ತದೆ. ಫಾರ್ಮ್ 16ರಲ್ಲಿ ಹಳೆಯ ಪದ್ಧತಿಯ ಲೆಕ್ಕವೇ ಇದ್ದರೂ, ಗಡುವು ದಾಟಿದ ರಿಟರ್ನ್ಸ್ ಹೊಸ ಪದ್ಧತಿಯಲ್ಲೇ ಹೋಗಬೇಕು.

ನಿಮ್ಮ ಲೆಕ್ಕವನ್ನೇ ಎರಡೂ ಬಗೆಯಲ್ಲಿ ಹಾಕಿ ನೋಡೋಣ. ಹಳೆಯ ಪದ್ಧತಿಯಲ್ಲಿ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್, ವೃತ್ತಿ ತೆರಿಗೆಯ 2,400, ಉಳಿತಾಯದ 1,50,000 ಮತ್ತು ಬಡ್ಡಿಯ 2,00,000 ಕಳೆದರೆ 5,60,000 ರೂಪಾಯಿ ಉಳಿಯುತ್ತದೆ. ಅದರ ಮೇಲೆ ತೆರಿಗೆ 24,500, ಶೇ 4ರ ಸೆಸ್ 980, ಒಟ್ಟು 25,480. ನಿಮ್ಮ ವೇತನದಲ್ಲಿ ಮುರಿದುಕೊಂಡಿರುವುದು ಇಷ್ಟೇ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟರೆ ಮೇಲಿನ ಯಾವ ಕಡಿತವೂ ಇಲ್ಲ. ವೃತ್ತಿ ತೆರಿಗೆಯನ್ನು ಕಳೆಯಲಿಕ್ಕೂ ಬರುವುದಿಲ್ಲ. ಹೀಗಾಗಿ ತೆರಿಗೆಗೆ ಒಳಪಡುವ ಮೊತ್ತ 8,87,400 ರೂಪಾಯಿ. ಆ ವರ್ಷದ ದರದಲ್ಲಿ 3 ಲಕ್ಷದಿಂದ 7 ಲಕ್ಷದವರೆಗಿನ ಭಾಗಕ್ಕೆ ಶೇ 5ರಂತೆ 20,000, ಅದರ ಮೇಲಿನ 1,87,400ಕ್ಕೆ ಶೇ 10ರಂತೆ 18,740, ಸೆಸ್ ಸೇರಿ 40,290 ರೂಪಾಯಿ. ವ್ಯತ್ಯಾಸ 14,810 ರೂಪಾಯಿ. ಇದಕ್ಕೆ ಸೆಕ್ಷನ್ 234ಎಫ್‌ನ ವಿಳಂಬ ಶುಲ್ಕ 5,000 ಸೇರುತ್ತದೆ. ಬಾಕಿ ತೆರಿಗೆ 10,000 ರೂಪಾಯಿ ದಾಟಿರುವುದರಿಂದ, ಮುಂಗಡ ತೆರಿಗೆ ಕಟ್ಟಿಲ್ಲವೆಂದು 234ಬಿ ಮತ್ತು 234ಸಿ ಸೆಕ್ಷನ್‌ಗಳ ಬಡ್ಡಿಯೂ, ತಡವಾಗಿ ಸಲ್ಲಿಸಿದ್ದಕ್ಕೆ 234ಎ ಸೆಕ್ಷನ್‌ನ ಬಡ್ಡಿಯೂ ಬೀಳುತ್ತವೆ. ನವೆಂಬರ್‌ನಲ್ಲಿ ಸಲ್ಲಿಸಿದರೆ ಬಡ್ಡಿಯೇ ಎರಡು ಸಾವಿರ ರೂಪಾಯಿ ದಾಟುತ್ತದೆ.

ನಿಮ್ಮ ಮನೆಯ ಕಷ್ಟದ ಕಾಲದಲ್ಲಿ ಇದು ನಿಜಕ್ಕೂ ಭಾರವಾದ ಮೊತ್ತ. ಆಸ್ಪತ್ರೆಯ ಕಾರಣವನ್ನು ಕಾನೂನು ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೂ ನೋವಿನ ಸಂಗತಿಯೇ. ಆದರೂ ಕೆಲವರು ಸೂಚಿಸುವಂತೆ ವೇತನದ ಮೊತ್ತ ತಗ್ಗಿಸಿ ಬರೆಯುವುದು, ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟಂತೆ ತೋರಿಸುವುದು ಮುಂತಾದ ದಾರಿ ಹಿಡಿಯಬೇಡಿ. ತಪ್ಪು ವಿವರಕ್ಕೆ ಬೀಳುವ ದಂಡ ಈ ಮೊತ್ತವನ್ನೂ ಮೀರಬಹುದು. ತೆರಿಗೆ, ಬಡ್ಡಿ ಮತ್ತು ಶುಲ್ಕವನ್ನು ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಎಂಬ ತಲೆಬರಹದ ಚಲನ್ ಮೂಲಕ ಕಟ್ಟಿ, ಅದರ ವಿವರವನ್ನು ರಿಟರ್ನ್ಸ್‌ನಲ್ಲಿ ತುಂಬಿ ಸಲ್ಲಿಸಿ. ಬಡ್ಡಿಯ ಲೆಕ್ಕದಲ್ಲಿ ತಿಂಗಳ ಒಂದು ದಿನವೂ ಪೂರ್ತಿ ತಿಂಗಳಾಗುವುದರಿಂದ, ಡಿಸೆಂಬರ್ ಮೊದಲ ವಾರಕ್ಕೆ ಹೋಗುವ ಬದಲು ನವೆಂಬರ್ ಕೊನೆಯೊಳಗೆ ಕಟ್ಟುವುದು ಲೇಸು.

ಪ್ರಶ್ನೆ: ನಾನು ಸೆಪ್ಟೆಂಬರ್ 10ರಂದೇ ರಿಟರ್ನ್ಸ್ ಅಪ್‌ಲೋಡ್ ಮಾಡಿದ್ದೆ. ಇ-ವೆರಿಫಿಕೇಶನ್ ಬಾಕಿಯಿದ್ದುದು ಗಮನಕ್ಕೆ ಬಾರದೆ ಅಕ್ಟೋಬರ್ 28ರಂದು ಆಧಾರ್ ಒಟಿಪಿ ಮೂಲಕ ಮಾಡಿದೆ. ಗಡುವಿನೊಳಗೇ ಸಲ್ಲಿಸಿದ ನನಗೂ ವಿಳಂಬ ಶುಲ್ಕವಿದೆಯೇ? — ಉಡುಪಿಯ ಓದುಗರು

ಉತ್ತರ: ಇದೆ. ಅಪ್‌ಲೋಡ್ ಮಾಡಿದ ದಿನದಿಂದ 30 ದಿನಗಳೊಳಗೆ ವೆರಿಫೈ ಮಾಡಿದರೆ ಮಾತ್ರ ಅಪ್‌ಲೋಡ್ ಮಾಡಿದ ದಿನವೇ ಸಲ್ಲಿಕೆಯ ದಿನವಾಗುತ್ತದೆ. ಅದು ಮೀರಿದರೆ ವೆರಿಫೈ ಮಾಡಿದ ದಿನವೇ ಸಲ್ಲಿಕೆಯ ದಿನ. ಆದ್ದರಿಂದ ನಿಮ್ಮ ರಿಟರ್ನ್ಸ್ ಇಲಾಖೆಯ ದೃಷ್ಟಿಯಲ್ಲಿ ಅಕ್ಟೋಬರ್ 28ರದ್ದು. ಅದರಲ್ಲಿ ಹಳೆಯ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಆ ಆಯ್ಕೆಗೂ, ಮೇಲಿನ ಉತ್ತರದಲ್ಲಿ ಹೇಳಿದ ಕಾರಣಕ್ಕೆ, ಕುತ್ತು ಬರುತ್ತದೆ. ವೆರಿಫಿಕೇಶನ್ ತಡವಾದದ್ದನ್ನು ಮನ್ನಿಸುವಂತೆ ಕೋರುವ ಅರ್ಜಿಯನ್ನು ಪೋರ್ಟಲ್‌ನಲ್ಲಿಯೇ ಹಾಕಬಹುದು. ತಡಕ್ಕೆ ಕಾರಣವನ್ನು ದಾಖಲೆ ಸಮೇತ ಇಂದೇ ಹಾಕಿ. ಒಪ್ಪಿಗೆ ಸಿಗದಿದ್ದಲ್ಲಿ, ಡಿಸೆಂಬರ್ 31ರೊಳಗೆ ಶುಲ್ಕ ತುಂಬಿ ಪರಿಷ್ಕೃತ ರಿಟರ್ನ್ಸ್ ಸಲ್ಲಿಸಿ. ಗಡುವು ಮೀರಿ ಸಲ್ಲಿಸಿದ್ದನ್ನೂ ಪರಿಷ್ಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಒಟಿಪಿ ಬಾರದವರು ಸಹಿ ಮಾಡಿದ ಐಟಿಆರ್-ವಿ ಪ್ರತಿಯನ್ನು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವ ಹಳೆಯ ದಾರಿಯೂ ಉಳಿದಿದೆ. ಅದಕ್ಕೂ ಅದೇ 30 ದಿನಗಳ ಮಿತಿ.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ತಂದೆಯವರು ಬಿಟ್ಟುಹೋದ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದು, ವರ್ಷಕ್ಕೆ 2,80,000 ರೂಪಾಯಿ ಬಡ್ಡಿ ಬರುತ್ತದೆ. ಬೇರೆ ಆದಾಯವಿಲ್ಲ. ಬ್ಯಾಂಕಿನವರು ಪ್ರತಿ ವರ್ಷ 28,000 ರೂಪಾಯಿ ಟಿಡಿಎಸ್ ಮುರಿಯುತ್ತಿದ್ದಾರೆ. ಆದಾಯ ಕಡಿಮೆ ಇದ್ದವರಿಗೆ ರಿಟರ್ನ್ಸ್ ಬೇಡವೆಂದು ಯಾರೋ ಹೇಳಿದ್ದರಿಂದ ಮೂರು ವರ್ಷಗಳಿಂದ ಏನೂ ಸಲ್ಲಿಸಿಲ್ಲ. ಆ ಹಣ ಹೋದಂತೆಯೇ? ಈಗ ಸಲ್ಲಿಸಿದರೆ 5,000 ರೂಪಾಯಿ ದಂಡ ಬೀಳುವುದೆಂಬ ಹೆದರಿಕೆ ಅಮ್ಮನಿಗೆ. — ಶಿರಸಿಯ ಓದುಗರು

ಉತ್ತರ: ನಿಮ್ಮ ತಾಯಿಯವರಿಗೆ ಮೊದಲು ಧೈರ್ಯ ಹೇಳಿ. ವಿಳಂಬ ಶುಲ್ಕ ಅನ್ವಯವಾಗುವುದು ರಿಟರ್ನ್ಸ್ ಸಲ್ಲಿಸುವ ಕಡ್ಡಾಯ ಇದ್ದು ತಡ ಮಾಡಿದವರಿಗೆ. ಅವರ ಆದಾಯ 3,00,000 ರೂಪಾಯಿಯ ವಿನಾಯಿತಿ ಮಿತಿಯೊಳಗಿದೆ. ಆದಾಯ ಮಿತಿಯೊಳಗಿದ್ದರೂ ಕೆಲವರಿಗೆ ಕಡ್ಡಾಯವಾಗುವುದುಂಟು: ವಿದೇಶ ಪ್ರಯಾಣಕ್ಕೆ 2 ಲಕ್ಷ ರೂಪಾಯಿಗಿಂತ ಹೆಚ್ಚು, ಇಲ್ಲವೇ ವರ್ಷದ ವಿದ್ಯುತ್ ಬಿಲ್ಲಿಗೆ 1 ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಿದವರು, ಉಳಿತಾಯ ಖಾತೆಗಳಲ್ಲಿ ವರ್ಷದಲ್ಲಿ 50 ಲಕ್ಷ ಅಥವಾ ಹೆಚ್ಚು ಜಮೆ ಮಾಡಿದವರು ಮುಂತಾದವರು ಈ ಸಾಲಿಗೆ ಬರುತ್ತಾರೆ. ಟಿಡಿಎಸ್ 25,000 ದಾಟಿದರೂ ಕಡ್ಡಾಯವೇ. ಆದರೆ ಹಿರಿಯ ನಾಗರಿಕರಿಗೆ ಆ ಮಿತಿ 50,000. ಆದ್ದರಿಂದ 28,000 ರೂಪಾಯಿಯ ಟಿಡಿಎಸ್ ಅವರನ್ನು ಆ ಪಟ್ಟಿಗೆ ಸೇರಿಸುವುದಿಲ್ಲ. 2024–25ನೇ ವರ್ಷದ ರಿಟರ್ನ್ಸ್ ಅನ್ನು ಡಿಸೆಂಬರ್ 31ರೊಳಗೆ ಸಲ್ಲಿಸಿದರೆ ಶುಲ್ಕವಿಲ್ಲದೆ ಪೂರ್ತಿ 28,000 ರೂಪಾಯಿ ಹಿಂದಿರುಗಿ ಬರುತ್ತದೆ. ಗಡುವಿನೊಳಗೆ ಸಲ್ಲಿಸಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಂತೆ ಬಡ್ಡಿಯೂ ಸೇರುತ್ತಿತ್ತು. ಈಗ ಸಲ್ಲಿಸಿದ ದಿನದಿಂದಷ್ಟೇ ಲೆಕ್ಕ. ಅದು ಸಣ್ಣ ನಷ್ಟ.

ಹಿಂದಿನ ಎರಡು ವರ್ಷಗಳ ಮಾತು ಬೇರೆ. ಅವುಗಳಿಗೆ ಅಪ್‌ಡೇಟೆಡ್ ರಿಟರ್ನ್ಸ್ (ಕಾಲ ಮುಗಿದ ಮೇಲೆ ಹೆಚ್ಚುವರಿ ತೆರಿಗೆ ತೆತ್ತು ಸಲ್ಲಿಸುವ ರಿಟರ್ನ್ಸ್) ಹಾಕಿಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ನಮೂನೆಯಲ್ಲಿ ರಿಫಂಡ್ ಕೇಳುವಂತಿಲ್ಲ. ನಿಮಗಿರುವ ದಾರಿ ಸೆಕ್ಷನ್ 119(2)(ಬಿ) ಅಡಿಯಲ್ಲಿ ವಿಳಂಬ ಮನ್ನಾ ಮಾಡುವಂತೆ ಅರ್ಜಿ ಸಲ್ಲಿಸುವುದು. ನೇರ ತೆರಿಗೆಗಳ ಕೇಂದ್ರೀಯ ಮಂಡಳಿ ಅಕ್ಟೋಬರ್ 1, 2024ರಂದು ಹೊರಡಿಸಿದ ಸುತ್ತೋಲೆಯಂತೆ, ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಮುಗಿದ 5 ವರ್ಷಗಳವರೆಗೆ ಇಂಥ ಅರ್ಜಿಗೆ ಅವಕಾಶವಿದೆ. 1 ಕೋಟಿ ರೂಪಾಯಿವರೆಗಿನ ಕ್ಲೇಮುಗಳನ್ನು ತೀರ್ಮಾನಿಸುವ ಅಧಿಕಾರ ನಿಮ್ಮ ವ್ಯಾಪ್ತಿಯ ಪ್ರಧಾನ ಆಯುಕ್ತರಿಗೆ ಅಥವಾ ಆಯುಕ್ತರಿಗಿದೆ. ಅರ್ಜಿ ಕೈಸೇರಿದ ತಿಂಗಳ ಕೊನೆಯಿಂದ ಆದಷ್ಟು ಮಟ್ಟಿಗೆ 6 ತಿಂಗಳೊಳಗೆ ವಿಲೇವಾರಿಯಾಗಬೇಕೆಂದೂ ಅದು ಹೇಳುತ್ತದೆ. ಅರ್ಜಿಯಲ್ಲಿ ನಿಜವಾದ ಕಷ್ಟವನ್ನು ತೋರಿಸಬೇಕು. “ಗೊತ್ತಿರಲಿಲ್ಲ” ಎಂಬ ಒಂದು ಸಾಲು ಸಾಲದು. ತಂದೆಯವರ ಮರಣ, ಅದುವರೆಗೆ ಹಣಕಾಸಿನ ವ್ಯವಹಾರವನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದುದು, ತಾಯಿಯವರ ವಯಸ್ಸು ಮತ್ತು ಆರೋಗ್ಯ ಇವನ್ನು ದಿನಾಂಕ ಸಮೇತ ಬರೆದು, ಮರಣ ಪ್ರಮಾಣಪತ್ರ, ಮುರಿದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್, ಬ್ಯಾಂಕ್ ಕೊಡುವ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಲಗತ್ತಿಸಿ. ಮನ್ನಾ ಆದೇಶ ಬಂದ ಮೇಲೆಯೇ ಆ ವರ್ಷಗಳ ರಿಟರ್ನ್ಸ್ ಸಲ್ಲಿಸಬೇಕು. ಹೀಗೆ ಬರುವ ರಿಫಂಡ್‌ಗೆ ಬಡ್ಡಿ ಇಲ್ಲ. ಎರಡು ವರ್ಷಕ್ಕೆ 56,000 ರೂಪಾಯಿ ಎಂದರೆ ಠೇವಣಿಯ ಬಡ್ಡಿಯಲ್ಲೇ ಬದುಕುವ ಹಿರಿಯರಿಗೆ ಎರಡು ತಿಂಗಳಿಗೂ ಮಿಗಿಲಾದ ಆದಾಯ. ಅಲೆದಾಟಕ್ಕೆ ಬೇಸತ್ತು ಬಿಟ್ಟುಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಎರಡು ಕೆಲಸಗಳನ್ನು ಈ ವಾರವೇ ಮಾಡಿ. ತಾಯಿಯವರ ಪ್ಯಾನ್‌ಗೆ ಆಧಾರ್ ಜೋಡಣೆಯಾಗಿದೆಯೇ, ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಮಾನ್ಯವಾಗಿದೆಯೇ ನೋಡಿ. ಇಲ್ಲವಾದರೆ ಮಂಜೂರಾದ ರಿಫಂಡ್ ಕೂಡ ಖಾತೆಗೆ ಬರುವುದಿಲ್ಲ. ಜೊತೆಗೆ ಬ್ಯಾಂಕಿಗೆ ಫಾರ್ಮ್ 15ಎಚ್ ಕೊಡಿ. 60 ವರ್ಷ ದಾಟಿದ, ತೆರಿಗೆ ಬಾರದ ಹಿರಿಯರು ಇದನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೊಟ್ಟರೆ ಟಿಡಿಎಸ್ ಮುರಿಯುವುದೇ ಇಲ್ಲ.

ಪ್ರಶ್ನೆ: ಸಹಕಾರಿ ಸಂಘವೊಂದರಲ್ಲಿ ಕೆಲಸದಲ್ಲಿದ್ದ ನನ್ನ ಯಜಮಾನರು ಕಳೆದ ಜನವರಿಯಲ್ಲಿ ತೀರಿಕೊಂಡರು. ಏಪ್ರಿಲ್‌ನಿಂದ ಜನವರಿವರೆಗಿನ ಅವರ ವೇತನ 6,10,000 ರೂಪಾಯಿ, ಮುರಿದ ತೆರಿಗೆ 22,000 ರೂಪಾಯಿ. ತೀರಿಹೋದವರ ರಿಟರ್ನ್ಸ್ ಸಲ್ಲಿಸಬೇಕೇ? ಅವರ ಮೊಬೈಲ್ ನನ್ನ ಬಳಿಯೇ ಇದೆ, ಒಟಿಪಿ ಬರುತ್ತದೆ. — ವಿಜಯಪುರದ ಓದುಗರು

ಉತ್ತರ: ಸಲ್ಲಿಸಬೇಕು, ತಾಯಿ. ಅವರು ಬದುಕಿದ್ದ ದಿನದವರೆಗಿನ ಆದಾಯಕ್ಕೆ ವಾರಸುದಾರರು ರಿಟರ್ನ್ಸ್ ಸಲ್ಲಿಸಬೇಕೆಂದು ಸೆಕ್ಷನ್ 159 ಹೇಳುತ್ತದೆ. ತೆರಿಗೆ ಬಾಕಿ ಇದ್ದಲ್ಲಿ, ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನೀವು ಹೊಣೆ. ನಿಮ್ಮ ವಿಷಯದಲ್ಲಿ ಬಾಕಿಯ ಭಯವಿಲ್ಲ. 75,000 ರೂಪಾಯಿ ಕಳೆದ ಮೇಲೆ 5,35,000 ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗೆ ರಿಬೇಟ್ (ತೆರಿಗೆ ರಿಯಾಯಿತಿ) ಇದ್ದುದರಿಂದ ತೆರಿಗೆ ಶೂನ್ಯ. ಆದಾಯ 5 ಲಕ್ಷ ದಾಟಿರುವ ಕಾರಣ ವಿಳಂಬ ಶುಲ್ಕ 5,000 ಕಳೆದು, 17,000 ರೂಪಾಯಿ ಮರಳಿ ಬರಬೇಕು.

ಅವರ ಮೊಬೈಲಿಗೆ ಬರುವ ಒಟಿಪಿ ಬಳಸಿ, ಅವರೇ ಸಲ್ಲಿಸಿದಂತೆ ಸಲ್ಲಿಸಬೇಡಿ. ತೀರಿಹೋದವರ ಹೆಸರಿನ ವೆರಿಫಿಕೇಶನ್‌ಗೆ ಕಾನೂನಿನ ಬೆಲೆಯಿಲ್ಲ, ಮುಂದೆ ತೊಡಕಿಗೂ ದಾರಿಯಾದೀತು. ನಿಮ್ಮದೇ ಪ್ಯಾನ್‌ನಿಂದ ಪೋರ್ಟಲ್‌ಗೆ ಪ್ರವೇಶಿಸಿ, ಅವರ ವಾರಸುದಾರರೆಂದು ನೋಂದಾಯಿಸಿಕೊಳ್ಳಿ. ಅವರ ಪ್ಯಾನ್ ಪ್ರತಿ, ಮರಣ ಪ್ರಮಾಣಪತ್ರ, ಕಂದಾಯ ಅಧಿಕಾರಿಗಳು ಕೊಡುವ ವಾರಸುದಾರರ ಅಥವಾ ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ ಬೇಕಾಗುತ್ತದೆ. ಅದು ಕೈಗೆ ಬರುವುದು ತಡವಾದರೆ, ನಿಮ್ಮನ್ನು ನಾಮಿನಿ ಎಂದು ತೋರಿಸುವ ಬ್ಯಾಂಕಿನ ಪತ್ರವನ್ನೂ ಇಲಾಖೆ ಒಪ್ಪುತ್ತದೆ. ಅರ್ಜಿಯನ್ನು ಇಲಾಖೆ ಪರಿಶೀಲಿಸಿ ಅನುಮೋದಿಸಲು ದಿನಗಳು ಹಿಡಿಯುವುದರಿಂದ ಡಿಸೆಂಬರ್ ಕೊನೆಗೆ ಉಳಿಸಿಕೊಳ್ಳಬೇಡಿ. ಜನವರಿಯ ನಂತರ ನಿಮಗೆ ಕುಟುಂಬ ಪಿಂಚಣಿಯೋ ಠೇವಣಿಯ ಬಡ್ಡಿಯೋ ಬಂದಿದ್ದರೆ ಅದು ನಿಮ್ಮ ಆದಾಯ, ಅವರ ರಿಟರ್ನ್ಸ್‌ಗೆ ಸೇರಿಸಬಾರದು.

ಪ್ರಶ್ನೆ: ನನ್ನ ವೇತನ 6,40,000 ರೂಪಾಯಿ. ಷೇರು ಮಾರುಕಟ್ಟೆಯ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟಿನಲ್ಲಿ 1,80,000 ರೂಪಾಯಿ ನಷ್ಟವಾಗಿದೆ. ನಷ್ಟವೇ ಆಗಿರುವಾಗ ತೆರಿಗೆ ಎಲ್ಲಿಯದು ಎಂದು ರಿಟರ್ನ್ಸ್ ಸಲ್ಲಿಸಲಿಲ್ಲ. ಈಗ ಸಲ್ಲಿಸಿ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಬಹುದೇ? — ಹುಬ್ಬಳ್ಳಿಯ ಓದುಗರು

ಉತ್ತರ: ಒಯ್ಯಲಾಗದು. ಎಫ್ ಆ್ಯಂಡ್ ಒ ನಷ್ಟವನ್ನು ಕಾನೂನು ವ್ಯಾಪಾರದ ನಷ್ಟವೆಂದು ಪರಿಗಣಿಸುತ್ತದೆ, ಅದನ್ನು 8 ವರ್ಷಗಳವರೆಗೆ ಮುಂದಿನ ವ್ಯಾಪಾರದ ಲಾಭದಲ್ಲಿ ಕಳೆಯಬಹುದಿತ್ತು. ಆದರೆ ಸೆಕ್ಷನ್ 80ರ ಪ್ರಕಾರ ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದವರಿಗೆ ಮಾತ್ರ ಆ ಹಕ್ಕು. ಷೇರು ಮಾರಾಟದ ಬಂಡವಾಳ ನಷ್ಟಕ್ಕೂ ಇದೇ ನಿಯಮ. ಮನೆಯ ಆದಾಯದ ಬಾಬ್ತಿನ ನಷ್ಟಕ್ಕೆ ಮಾತ್ರ ಈ ನಿರ್ಬಂಧವಿಲ್ಲ. ಇದೇ ವರ್ಷದ ಬ್ಯಾಂಕ್ ಬಡ್ಡಿಯಂಥ ಆದಾಯವಿದ್ದರೆ ನಿಮ್ಮ ಎಫ್ ಆ್ಯಂಡ್ ಒ ನಷ್ಟವನ್ನು ಅದರಲ್ಲಿ ಕಳೆದುಕೊಳ್ಳಬಹುದು, ವೇತನದಲ್ಲಿ ಕಳೆಯುವಂತಿಲ್ಲ. ಲಾಭವಾದ ವರ್ಷಕ್ಕಿಂತ ನಷ್ಟವಾದ ವರ್ಷದಲ್ಲಿಯೇ ಗಡುವು ಹೆಚ್ಚು ಬೆಲೆಯದು ಎಂಬುದನ್ನು ಮಾರುಕಟ್ಟೆಗೆ ಇಳಿಯುವ ಯುವಕರಿಗೆ ಯಾರೂ ಹೇಳಿಕೊಡುತ್ತಿಲ್ಲ. ಈ ಪತ್ರಗಳ ಕಂತೆಯಲ್ಲಿಯೇ ನಿಮ್ಮಂಥವರು ಹಲವರಿದ್ದಾರೆ. ಆದರೂ ಐಟಿಆರ್-3 ನಮೂನೆಯಲ್ಲಿ ಸಲ್ಲಿಸಿಬಿಡಿ. ನಿಮ್ಮ ವೇತನ ವಿನಾಯಿತಿ ಮಿತಿ ದಾಟಿರುವುದರಿಂದ ಸಲ್ಲಿಕೆ ಕಡ್ಡಾಯ, ಷೇರು ವ್ಯವಹಾರದ ಮಾಹಿತಿಯೂ ಇಲಾಖೆಯನ್ನು ತಲುಪುತ್ತದೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಶುಶ್ರೂಷಕಿ. 2023–24ರಲ್ಲಿ ಒಂದು ಆಸ್ಪತ್ರೆ ಬಿಟ್ಟು ಇನ್ನೊಂದಕ್ಕೆ ಸೇರಿದೆ. ಎರಡೂ ಕಡೆಯವರು ವಿನಾಯಿತಿ ಮಿತಿಯನ್ನು ಬೇರೆ ಬೇರೆಯಾಗಿ ಕಳೆದಿದ್ದರಿಂದ 30,000 ರೂಪಾಯಿ ತೆರಿಗೆ ಕಡಿಮೆ ಬಿದ್ದಿದೆಯೆಂದು ಈಗ ತಿಳಿಯಿತು. ಆ ವರ್ಷದ ರಿಟರ್ನ್ಸ್ ಸಲ್ಲಿಸಿಲ್ಲ. ನೋಟಿಸ್ ಬರುವವರೆಗೆ ಸುಮ್ಮನಿರಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ? — ಮಂಗಳೂರಿನ ಓದುಗರು

ಉತ್ತರ: ಸುಮ್ಮನಿರಬೇಡಿ. ಎರಡೂ ಆಸ್ಪತ್ರೆಗಳ ಟಿಡಿಎಸ್ ವಿವರ ನಿಮ್ಮ ಪ್ಯಾನ್‌ನಲ್ಲಿ ಒಟ್ಟಿಗೇ ದಾಖಲಾಗಿದೆ. ಇಲಾಖೆ ಅದನ್ನು ಕೂಡಿಸಿ ನೋಡುವುದು ಕಷ್ಟದ ಕೆಲಸವೇನಲ್ಲ. ಆ ವರ್ಷಕ್ಕೆ ವಿಳಂಬಿತ ರಿಟರ್ನ್ಸ್‌ನ ಕಾಲ ಮುಗಿದಿದೆ. ಕಳೆದ ಬಾರಿ ಡಿಸೆಂಬರ್ 31ರ ಕೊನೆಯ ದಿನವನ್ನು, ಬಾಂಬೆ ಹೈಕೋರ್ಟ್‌ನ ಮುಂದಿದ್ದ ರಿಬೇಟ್ ವಿವಾದದ ಹಿನ್ನೆಲೆಯಲ್ಲಿ, ಜನವರಿ 15, 2025ಕ್ಕೆ ಮುಂದೂಡಿದ್ದರು. ಈ ವರ್ಷವೂ ಹಾಗಾಗುತ್ತದೆಂದು ಯಾರೂ ಕಾದು ಕೂರಬಾರದು.

ನಿಮಗೆ ಉಳಿದಿರುವುದು ಐಟಿಆರ್-ಯು, ಎಂದರೆ ಸೆಕ್ಷನ್ 139(8ಎ) ಅಡಿಯ ಅಪ್‌ಡೇಟೆಡ್ ರಿಟರ್ನ್ಸ್. 2022ರಲ್ಲಿ ಬಂದ ಈ ಸೌಲಭ್ಯಕ್ಕೆ ಆಗ ಅಸೆಸ್‌ಮೆಂಟ್ ವರ್ಷ ಮುಗಿದ 24 ತಿಂಗಳ ಮಿತಿಯಿತ್ತು. 2025ರ ಹಣಕಾಸು ಕಾಯ್ದೆ ಅದನ್ನು 48 ತಿಂಗಳಿಗೆ ವಿಸ್ತರಿಸಿತು. ಅದಕ್ಕೆ ತೆರುವ ಬೆಲೆ ಮಾತ್ರ ವರ್ಷ ಕಳೆದಂತೆ ಏರುತ್ತದೆ: ತೆರಿಗೆ ಮತ್ತು ಬಡ್ಡಿಯ ಒಟ್ಟು ಮೊತ್ತದ ಮೇಲೆ ಮೊದಲ 12 ತಿಂಗಳಲ್ಲಿ ಶೇ 25, ಎರಡನೇ ವರ್ಷದಲ್ಲಿ ಶೇ 50, ಮೂರನೆಯದರಲ್ಲಿ ಶೇ 60, ನಾಲ್ಕನೆಯದರಲ್ಲಿ ಶೇ 70 ಹೆಚ್ಚುವರಿ ತೆರಿಗೆ. ನಿಮ್ಮ ಅಸೆಸ್‌ಮೆಂಟ್ ವರ್ಷ 2024–25 ಕೊನೆಗೊಂಡದ್ದು ಮಾರ್ಚ್ 31, 2025ಕ್ಕೆ. ಆದ್ದರಿಂದ ಮಾರ್ಚ್ 31, 2026ರವರೆಗೆ ನೀವು ಶೇ 25ರ ಹಂತದಲ್ಲಿದ್ದೀರಿ.

ಈ ನವೆಂಬರ್‌ನಲ್ಲಿ ಸಲ್ಲಿಸಿದರೆ 30,000 ರೂಪಾಯಿ ತೆರಿಗೆಗೆ ಮೂರೂ ಬಗೆಯ ಬಡ್ಡಿ ಸೇರಿ ಸುಮಾರು 12,300 ಆಗುತ್ತದೆ. ಎರಡರ ಮೊತ್ತದ ಮೇಲೆ ಶೇ 25, ಎಂದರೆ ಸುಮಾರು 10,600. ವಿಳಂಬ ಶುಲ್ಕ 5,000 ಕೂಡಿದರೆ ಒಟ್ಟು ಸುಮಾರು 57,900 ರೂಪಾಯಿ. ಮೊತ್ತ ದೊಡ್ಡದೇ. ಆದರೆ ಮಾರ್ಚ್ ದಾಟಿದರೆ ಶೇ 25 ಇದ್ದದ್ದು ಶೇ 50 ಆಗುತ್ತದೆ, ಬಡ್ಡಿಯೂ ತಿಂಗಳು ತಿಂಗಳು ಬೆಳೆಯುತ್ತದೆ. ಮರು ಅಸೆಸ್‌ಮೆಂಟ್ ಮುಂತಾದ ನಡಾವಳಿಗಳು ಶುರುವಾದರೆ ಈ ದಾರಿಯೇ ಮುಚ್ಚಿಹೋಗಬಹುದು, ಆಗ ಆದಾಯ ಮರೆಮಾಚಿದ ದಂಡದ ಪ್ರಶ್ನೆ ಏಳುತ್ತದೆ. ಐಟಿಆರ್-ಯು ಸಲ್ಲಿಸುವ ಮುನ್ನ ಎರಡೂ ಆಸ್ಪತ್ರೆಗಳ ಫಾರ್ಮ್ 16, ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್ ಮತ್ತು ಫಾರ್ಮ್ 26ಎಎಸ್ ಮುಂದಿಟ್ಟುಕೊಂಡು, ಉಳಿತಾಯ ಖಾತೆಯ ಬಡ್ಡಿಯೂ ಸೇರಿದಂತೆ ಎಲ್ಲ ಆದಾಯವನ್ನೂ ಒಮ್ಮೆಗೇ ತೋರಿಸಿ. ಒಂದು ಅಸೆಸ್‌ಮೆಂಟ್ ವರ್ಷಕ್ಕೆ ಈ ರಿಟರ್ನ್ಸ್ ಒಂದೇ ಬಾರಿ. ಬಿಟ್ಟುಹೋದದ್ದನ್ನು ಸೇರಿಸಲು ಇನ್ನೊಮ್ಮೆ ಸಲ್ಲಿಸಲಾಗುವುದಿಲ್ಲ.